ಹೊಲ ಭೋಗ್ಯಕ್ಕೆ ಹಾಕಿ ಜೆರುಸಲೇಮಿಗೆ ಹೊರಟವರು

1096ರ ಏಪ್ರಿಲ್ 12ನೇ ತಾರೀಕು. ಇವತ್ತಿನ ಫ್ರಾನ್ಸಿನ ಪೂರ್ವ ಭಾಗದ ಮಾಂಟ್‌ಮೆರ್ಲ್ ಎಂಬ ಕೋಟೆಯ ಒಬ್ಬ ಯೋಧ, ಹೆಸರು ಅಚಾರ್ಡ್, ತನ್ನ ಆಸ್ತಿಯನ್ನು ಕ್ಲೂನಿ ಎಂಬ ದೊಡ್ಡ ಮಠಕ್ಕೆ ಬರೆದುಕೊಟ್ಟ. ಮಾರಾಟ ಅಲ್ಲ. ನಮ್ಮಲ್ಲಿ ಭೋಗ್ಯಕ್ಕೆ ಹಾಕೋದು ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಮಠ ಅವನಿಗೆ ಕೊಟ್ಟಿದ್ದು ಲಿಯಾನ್ ನಾಣ್ಯದಲ್ಲಿ 2,000 ಸಾಲಿಡಸ್ ಮತ್ತು ನಾಲ್ಕು ಹೇಸರಗತ್ತೆ. ಷರತ್ತು ಗಟ್ಟಿಯಾಗಿತ್ತು. ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಅಚಾರ್ಡ್‌ಗೆ ಮಾತ್ರ, ನೆಂಟರಿಷ್ಟರಿಗೆ ಇಲ್ಲ. ಅವನು ದಾರಿಯಲ್ಲಿ ಸತ್ತರೆ, ಅಥವಾ ಮನಸ್ಸು ಮಾಡಿ ಆ ಕಡೆಯೇ ಉಳಿದುಬಿಟ್ಟರೆ, ಆಸ್ತಿ ಶಾಶ್ವತವಾಗಿ ಮಠಕ್ಕೆ.

ಇಷ್ಟೆಲ್ಲ ಯಾಕೆ? ಜೆರುಸಲೇಮಿಗೆ ಹೋಗಿ ದೇವರಿಗಾಗಿ ಯುದ್ಧ ಮಾಡಬೇಕು ಅಂತ. ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಅವನು ಕಂಡಿರದ ಊರು, ಕೇಳಿರದ ಭಾಷೆ.

ಜೆರುಸಲೇಮನ್ನು ಮುಸ್ಲಿಮರ ಕೈಯಿಂದ ಬಿಡಿಸಲು ಯುರೋಪಿನ ಕ್ರೈಸ್ತರು ಹೊರಟ ಈ ಧರ್ಮಯುದ್ಧಕ್ಕೆ ಕ್ರುಸೇಡ್ ಅಂತೀವಿ. ಅದರ ಬಗ್ಗೆ ಓದುವಾಗ ರಾಜರ ಹೆಸರು, ಯುದ್ಧದ ಇಸವಿ ಎಲ್ಲಾ ಸಿಗುತ್ತವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ಪತ್ರ. ಇಂಥ ಪತ್ರಗಳು ಬೇರೆಯವೂ ಉಳಿದುಕೊಂಡಿವೆ. ಮನೆ, ಹೊಲ, ಮಕ್ಕಳು ಇರುವ ಮನುಷ್ಯ ಇದ್ದಬದ್ದದ್ದನ್ನು ಅಡವಿಟ್ಟು ಅಷ್ಟು ದೂರ ಕೊಲ್ಲೋಕೆ, ಸಾಯೋಕೆ ಹೋಗಬೇಕಾದರೆ ಅವನ ಮನಸ್ಸಿನಲ್ಲಿ ಏನಿತ್ತು?

ಸಾಮಾನ್ಯವಾಗಿ ಕೇಳುವ ಉತ್ತರ ಒಂದಿದೆ: ದುರಾಸೆ. ಯುರೋಪಿನಲ್ಲಿ ಅಪ್ಪನ ಆಸ್ತಿ ದೊಡ್ಡ ಮಗನಿಗೆ ಹೋಗುತ್ತಿತ್ತು, ಚಿಕ್ಕವರು ಬರಿಗೈಲಿ ಉಳಿಯುತ್ತಿದ್ದರು, ಅವರು ಪೂರ್ವದಲ್ಲಿ ಭೂಮಿ ಕಬಳಿಸಲು ಹೊರಟರು, ಧರ್ಮ ಬರೀ ನೆಪ. ಈ ವಿವರಣೆ ಸುಲಭವಾಗಿ ಮನಸ್ಸಿಗೆ ಹಿಡಿಸುತ್ತದೆ. ತುಂಬಾ ದಿನ ನಾನೂ ಅದನ್ನೇ ನಂಬಿದ್ದೆ. ಆದರೆ ಲೆಕ್ಕದ ಪುಸ್ತಕ ತೆಗೆದು ಕೂತರೆ ಅದು ನಿಲ್ಲೋದಿಲ್ಲ.

ಮೊದಲು ಖರ್ಚು ನೋಡೋಣ. ಒಬ್ಬ ಸಾಧಾರಣ ಕುದುರೆ ಸವಾರ ಯೋಧನಿಗೆ ಈ ಪ್ರಯಾಣಕ್ಕೆ ತನ್ನ ನಾಲ್ಕೈದು ವರ್ಷದ ಆದಾಯದಷ್ಟು ಹಣ ಬೇಕಿತ್ತು ಅಂತ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಕುದುರೆ, ಕವಚ, ಆಳುಗಳು, ಹೊರೆ ಹೊರುವ ಪ್ರಾಣಿ, ತಿಂಗಳುಗಟ್ಟಲೆ ಊಟ, ಎಲ್ಲಾ ಅವನದೇ ಜವಾಬ್ದಾರಿ, ಸಂಬಳ ಕೊಡುವವರು ಯಾರೂ ಇಲ್ಲ. ಭೂಮಿಯೇ ಇಲ್ಲದವನು ಅಡವಿಡೋದಾದರೂ ಏನನ್ನ? ಹಾಗಾಗಿ ಆಸ್ತಿವಂತರೇ ಮುಂದೆ ನಿಂತರು, ಅವರ ಹಿಂದೆ ಅವರ ಖರ್ಚಿನಲ್ಲಿ ಉಳಿದವರು ಹೊರಟರು. ಟುಲೂಸ್‌ನ ರೇಮಂಡ್, ಬ್ಲುವಾದ ಸ್ಟೀಫನ್, ಫ್ಲಾಂಡರ್ಸ್‌ನ ರಾಬರ್ಟ್, ಇವರೆಲ್ಲ ಆಗಲೇ ದೊಡ್ಡ ಸೀಮೆಗಳನ್ನು ಆಳುತ್ತಿದ್ದವರು. ನಾರ್ಮಂಡಿಯ ರಾಬರ್ಟ್ ಅಂತೂ ತನ್ನ ಇಡೀ ಸಂಸ್ಥಾನವನ್ನು ತಮ್ಮನಾದ ಇಂಗ್ಲೆಂಡಿನ ರಾಜನ ಹತ್ತಿರ 10,000 ಮಾರ್ಕ್ ಬೆಳ್ಳಿಗೆ ಒತ್ತೆ ಇಟ್ಟ.

ಗಿಬರ್ಟ್ ಎಂಬ ಅಂದಿನ ಫ್ರೆಂಚ್ ಮಠಾಧಿಪತಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಬರಗಾಲದ ಬೆನ್ನಲ್ಲೇ ಜೆರುಸಲೇಮಿಗೆ ಹೊರಡಿ ಅನ್ನುವ ಪೋಪರ ಕರೆ ಬಂದಿತ್ತು, ಧಾನ್ಯದ ಬೆಲೆ ಆಕಾಶಕ್ಕೆ ಏರಿತ್ತು. ಹೊರಡುವವರೆಲ್ಲ ಒಟ್ಟಿಗೇ ಮಾರಲು ನಿಂತಾಗ ಮಾರುಕಟ್ಟೆ ಬಿದ್ದುಹೋಯಿತು. ಐದು ಕಾಸಿಗೆ ಏಳು ಕುರಿ ಮಾರಾಟವಾದವಂತೆ. ಲಾಭ ಮಾಡಲು ಹೊರಟವನು ಏಳು ಕುರಿಯನ್ನು ಐದು ಕಾಸಿಗೆ ಕೊಡುತ್ತಾನಾ?

ಇನ್ನು ಕೊನೆ ನೋಡಿ. 1099ರಲ್ಲಿ ಜೆರುಸಲೇಮ್ ಕೈಗೆ ಬಂದ ಮೇಲೆ, ಬದುಕುಳಿದವರಲ್ಲಿ ಬಹುಪಾಲು ಜನ ಊರಿಗೆ ವಾಪಸ್ ಹೊರಟರು. ಫುಲ್ಕರ್ ಎಂಬ ಪಾದ್ರಿ ಆ ದಂಡಿನ ಜೊತೆ ಹೋಗಿ ಅಲ್ಲೇ ನೆಲೆಸಿದವನು. ಜೆರುಸಲೇಮ್ ಮತ್ತು ಸುತ್ತಲಿನ ಊರುಗಳನ್ನು ಕಾಯಲು ಮುನ್ನೂರು ಕುದುರೆ ಯೋಧರು, ಅಷ್ಟೇ ಕಾಲಾಳುಗಳಿಗಿಂತ ಹೆಚ್ಚಿರಲಿಲ್ಲ ಅಂತ ಅವನು ಬರೆಯುತ್ತಾನೆ. ಭೂಮಿಗೆ ಬಂದವರಾಗಿದ್ದರೆ ಭೂಮಿ ಸಿಕ್ಕ ದಿನವೇ ಎದ್ದು ಹೋಗುತ್ತಿದ್ದರಾ?

ಹಾಗಾದರೆ ಏನು? ನನಗೆ ತಿಳಿದ ಮಟ್ಟಿಗೆ, ಉತ್ತರದ ಬೇರು ಇರುವುದು ಒಂದು ಭಯದಲ್ಲಿ. ಆ ಭಯ ಅರ್ಥವಾಗಬೇಕಾದರೆ ಅಂದಿನ ಯೋಧನ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹನ್ನೊಂದನೇ ಶತಮಾನದ ಫ್ರಾನ್ಸಿನಲ್ಲಿ ರಾಜನ ಮಾತು ನಡೆಯುತ್ತಿದ್ದದ್ದು ಸ್ವಲ್ಪ ಜಾಗದಲ್ಲಿ ಮಾತ್ರ. ಉಳಿದ ಕಡೆ ಪಾಳೇಗಾರರು, ಅವರ ಕೋಟೆಗಳು, ಆ ಕೋಟೆಗಳಲ್ಲಿ ಕುದುರೆ ಯೋಧರು. ಪಕ್ಕದ ಪಾಳೇಗಾರನ ಊರಿಗೆ ಬೆಂಕಿ ಇಡೋದು, ದನ ಹೊಡೆದುಕೊಂಡು ಬರೋದು, ಕಣದ ಕಾಳು ಎತ್ತೋದು ಅವರಿಗೆ ದಿನದ ಕೆಲಸ. ಹತ್ತನೇ ಶತಮಾನದ ಕೊನೆಯಿಂದಲೇ ಬಿಷಪ್ಪರು ಇದಕ್ಕೆ ಕಡಿವಾಣ ಹಾಕಲು ಹೆಣಗುತ್ತಿದ್ದರು. ರೈತರನ್ನು, ಪಾದ್ರಿಗಳನ್ನು ಮುಟ್ಟಬಾರದು ಅಂತ ಪ್ರಮಾಣ ಮಾಡಿಸಿದರು. ಆಮೇಲೆ ಬುಧವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಯಾರೂ ಕತ್ತಿ ಎತ್ತಬಾರದು ಅಂತ ನಿಯಮ ತಂದರು. ಅಂಥ ನಿಯಮ ಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ಅಂತ ಊಹಿಸಿ.

ಆದರೆ ಇದೇ ಯೋಧ ದೇವರನ್ನು ನಂಬುವವನು. ಅರೆಮನಸ್ಸಿನಿಂದ ಅಲ್ಲ, ಪೂರ್ತಿಯಾಗಿ. ಅವನ ಅಣ್ಣನೋ ಚಿಕ್ಕಪ್ಪನೋ ಮಠದಲ್ಲಿ ಸನ್ಯಾಸಿ. ಚರ್ಚಿನ ಗೋಡೆ ಮೇಲೆ ಕೆತ್ತಿದ ನರಕ ಅವನಿಗೆ ಬರೀ ಕೆತ್ತನೆಯಲ್ಲ, ನಾಳೆ ತಾನು ಹೋಗಿ ಬೀಳುವ ಜಾಗ. ಅಲ್ಲಿಗೆ ತನ್ನನ್ನು ನೂಕುವುದು ಏನು ಅಂತಲೂ ಅವನಿಗೆ ಗೊತ್ತು, ಅವನ ಕಸುಬೇ ಕೊಲ್ಲೋದು.

ಇಲ್ಲಿ ಒಂದು ಉದಾಹರಣೆ ಕೊಡಲೇಬೇಕು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದನಲ್ಲ, ಹೇಸ್ಟಿಂಗ್ಸ್ ಕದನ. ಆ ದಂಡಯಾತ್ರೆಗೆ ಪೋಪರ ಒಪ್ಪಿಗೆ ಇತ್ತು. ಆದರೂ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಗೆದ್ದ ಯೋಧರಿಗೇ ಬಿಷಪ್ಪರು ಪ್ರಾಯಶ್ಚಿತ್ತ ವಿಧಿಸಿದರು. ಒಬ್ಬನನ್ನು ಕೊಂದವನು ಒಂದು ವರ್ಷ ಪ್ರಾಯಶ್ಚಿತ್ತ ಮಾಡಬೇಕು. ಹತ್ತು ಜನರನ್ನು ಕೊಂದರೆ ಹತ್ತು ವರ್ಷ. ಹೊಡೆದದ್ದು ಗೊತ್ತು, ಸತ್ತನೋ ಬದುಕಿದನೋ ಗೊತ್ತಿಲ್ಲ ಅಂದರೆ ತಲೆಗೆ 40 ದಿನ. ಎಷ್ಟು ಜನರನ್ನು ಕೊಂದೆ ಅಂತ ಲೆಕ್ಕವೇ ಇಲ್ಲದಿದ್ದರೆ ಬದುಕಿರುವ ತನಕ ವಾರಕ್ಕೆ ಒಂದು ದಿನ, ಇಲ್ಲವೇ ಒಂದು ಚರ್ಚು ಕಟ್ಟಿಸಬೇಕು. ಬಿಲ್ಲುಗಾರರಿಗೆ ತಮ್ಮ ಬಾಣ ಯಾರಿಗೆ ತಗುಲಿತು ಅಂತ ತಿಳಿಯೋದಿಲ್ಲವಲ್ಲ, ಅವರಿಗೆ ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನದ ಉಪವಾಸ ಇದೆಯಲ್ಲ, ಅಂಥ ಮೂರು ಉಪವಾಸ ಕಾಲದಷ್ಟು ಪ್ರಾಯಶ್ಚಿತ್ತ.

ಅಂದರೆ ನ್ಯಾಯವಾದ ಯುದ್ಧ ಅಂತ ಒಪ್ಪಿಕೊಂಡದ್ದರಲ್ಲೂ ಕೊಲೆ ಪಾಪವೇ. ಆ ಪಾಪಕ್ಕೆ ಬೆಲೆ ಇದೆ, ಬೆಲೆ ಉಪವಾಸದಲ್ಲಿ, ಪ್ರಾರ್ಥನೆಯಲ್ಲಿ, ಯಾತ್ರೆಯಲ್ಲಿ ತೀರಿಸಬೇಕು. ಪ್ರಾಯಶ್ಚಿತ್ತ ಮಾಡುವಾಗ ಆಯುಧ ಹಿಡಿಯಬಾರದು ಅನ್ನೋದು ಚರ್ಚಿನ ಹಳೆಯ ನಿಲುವು. ಆಯುಧ ಬಿಟ್ಟರೆ ಯೋಧ ಬದುಕೋದು ಹೇಗೆ, ಅವನ ಕೋಟೆ ಉಳಿಯೋದು ಹೇಗೆ? ಪೂರ್ತಿ ಪಾರಾಗಬೇಕಾದರೆ ಹೆಂಡತಿ ಮಕ್ಕಳನ್ನು ಬಿಟ್ಟು ಮಠ ಸೇರಬೇಕು. ಕೆಲವರು ಮುಪ್ಪಿನಲ್ಲಿ ಹಾಗೆ ಸೇರಿದರು ಕೂಡ. ಅಂಜೂ ಸೀಮೆಯ ಫುಲ್ಕ್ ನೆರ್ರಾ ಎಂಬ ಪಾಳೇಗಾರ ಕ್ರೌರ್ಯಕ್ಕೆ ಹೆಸರಾದವನು. ಅವನು ಇನ್ನೊಂದು ದಾರಿ ಹಿಡಿದ. ಕನಿಷ್ಠ ಮೂರು ಸಲ ಜೆರುಸಲೇಮಿಗೆ ಯಾತ್ರೆ ಹೋದ, ಒಂದು ಮಠ ಕಟ್ಟಿಸಿದ, 1040ರಲ್ಲಿ ಕೊನೆಯ ಯಾತ್ರೆಯಿಂದ ಮರಳುವಾಗ ದಾರಿಯಲ್ಲೇ ತೀರಿಕೊಂಡ. ಕೊಂದು ಬರೋದು, ನಡುಗೋದು, ಯಾತ್ರೆ ಹೋಗೋದು, ಬಂದು ಮತ್ತೆ ಕೊಲ್ಲೋದು. ಈ ಸುಳಿಯಿಂದ ಹೊರಬರುವ ಬಾಗಿಲು ಯಾರಿಗೂ ಕಾಣುತ್ತಿರಲಿಲ್ಲ.

1095ರ ನವೆಂಬರ್ 27ರಂದು ಕ್ಲೆರ್ಮಾಂಟ್ ಪಟ್ಟಣದಲ್ಲಿ ಪೋಪ್ ಎರಡನೇ ಅರ್ಬನ್ ಆ ಬಾಗಿಲು ತೆರೆದ.

ಅವನು ಆ ದಿನ ನಿಖರವಾಗಿ ಏನು ಹೇಳಿದ ಅಂತ ಪದಶಃ ಉಳಿದಿಲ್ಲ. ಭಾಷಣದ ಬೇರೆ ಬೇರೆ ರೂಪಗಳು ಸಿಗುತ್ತವೆ, ಆದರೆ ಅವನ್ನೆಲ್ಲ ಬರೆದದ್ದು ವರ್ಷಗಳ ನಂತರ, ಜೆರುಸಲೇಮ್ ಗೆದ್ದ ಸುದ್ದಿ ಗೊತ್ತಾದ ಮೇಲೆ. ಆದರೆ ಆ ಸಭೆಯ ಒಂದು ತೀರ್ಮಾನ ಬರವಣಿಗೆಯಲ್ಲಿದೆ. ಅದರ ಸಾರ ಇಷ್ಟು: ಮಾನಕ್ಕಾಗಲಿ ಹಣಕ್ಕಾಗಲಿ ಅಲ್ಲದೆ ಬರೀ ಭಕ್ತಿಯಿಂದ, ದೇವರ ಸಭೆಯನ್ನು ಬಿಡಿಸಲು ಜೆರುಸಲೇಮಿಗೆ ಹೋಗುವವನಿಗೆ ಆ ಪ್ರಯಾಣವೇ ಎಲ್ಲಾ ಪ್ರಾಯಶ್ಚಿತ್ತಕ್ಕೆ ಸಮ.

ಇದನ್ನು ಒಬ್ಬ ಯೋಧನ ಕಿವಿಯಿಂದ ಕೇಳಿ. ಇಲ್ಲಿಯವರೆಗೆ ಯಾವ ಕೆಲಸದಿಂದ ಪಾಪ ಬರುತ್ತಿತ್ತೋ ಅದೇ ಕೆಲಸದಿಂದ ಪಾಪ ತೊಳೆದುಹೋಗುತ್ತದೆ. ಕತ್ತಿ ಕೆಳಗಿಡಬೇಕಾಗಿಲ್ಲ, ಮಠ ಸೇರಬೇಕಾಗಿಲ್ಲ. ಕುರಿಯ ಬೆಲೆ ಬರೆದಿಟ್ಟ ಅದೇ ಗಿಬರ್ಟ್ ಇದನ್ನು ನೇರವಾಗಿ ಹೇಳಿದ್ದಾನೆ. ಸನ್ಯಾಸ ತೆಗೆದುಕೊಳ್ಳದೆ, ತಮ್ಮ ವೇಷ ಬಿಡದೆ, ತಮ್ಮ ಕಸುಬಿನಿಂದಲೇ ಮೋಕ್ಷ ಪಡೆಯುವ ಹೊಸ ದಾರಿಯನ್ನು ದೇವರು ನಮ್ಮ ಕಾಲದ ಯೋಧರಿಗೆ ಕೊಟ್ಟಿದ್ದಾನೆ ಅನ್ನೋದು ಅವನ ಮಾತಿನ ತಿರುಳು. ದಕ್ಷಿಣ ಇಟಲಿಯ ಟ್ಯಾಂಕ್ರೆಡ್ ಎಂಬ ತರುಣ ಯೋಧನ ಕಥೆ ಬರೆದ ರಾಲ್ಫ್ ಎಂಬುವನೂ ಹೀಗೇ ಹೇಳುತ್ತಾನೆ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅನ್ನುವ ಯೇಸುವಿನ ಮಾತಿಗೂ ತನ್ನ ಬದುಕಿಗೂ ತಾಳೆಯಾಗದೆ ಟ್ಯಾಂಕ್ರೆಡ್ ಒಳಗೊಳಗೇ ಬೇಯುತ್ತಿದ್ದನಂತೆ. ಪೋಪರ ಕರೆ ಕೇಳಿದ್ದೇ ನಿದ್ದೆಯಿಂದ ಎದ್ದವನಂತಾದ.

ಅಂದಿನವರು ಈ ದಂಡಯಾತ್ರೆಯನ್ನು ಕ್ರುಸೇಡ್ ಅಂತ ಕರೆಯಲಿಲ್ಲ. ಆ ಪದ ಆಮೇಲೆ ಬಂದದ್ದು. ಅವರು ಬಳಸಿದ ಲ್ಯಾಟಿನ್ ಪದಗಳ ಅರ್ಥ ಪ್ರಯಾಣ, ಯಾತ್ರೆ. ಯಾತ್ರಿಕರ ಹಾಗೆ ಹರಕೆ ಹೊತ್ತರು, ಬಟ್ಟೆಯ ಶಿಲುಬೆಯನ್ನು ಭುಜಕ್ಕೆ ಹೊಲಿದುಕೊಂಡರು. ನನ್ನ ಹಿಂದೆ ಬರುವವನು ತನ್ನ ಶಿಲುಬೆ ಹೊತ್ತು ಬರಲಿ ಅಂತ ಯೇಸು ಹೇಳಿದ್ದಾನಲ್ಲ, ಆ ಮಾತನ್ನು ಅವರು ಅಕ್ಷರಶಃ ಮೈಮೇಲೆ ಧರಿಸಿದರು. ಹರಕೆ ಹೊತ್ತು ಹೋಗದೆ ಉಳಿದರೆ ನಾಚಿಕೆಗೇಡು. ಆ ಬಟ್ಟೆ ತುಂಡು ಭುಜದ ಮೇಲೆ ಇರುವ ತನಕ ಊರಿನವರೆಲ್ಲ ನೋಡುತ್ತಿರುತ್ತಾರೆ.

ಪೋಪ್ ಯಾಕೆ ಆಗಲೇ ಕರೆ ಕೊಟ್ಟ ಅನ್ನೋದಕ್ಕೆ ರಾಜಕೀಯ ಕಾರಣ ಇತ್ತು. 1071ರಲ್ಲಿ ಮಂಜಿಕರ್ಟ್ ಕದನದಲ್ಲಿ ಮುಸ್ಲಿಮರಾದ ಸೆಲ್ಜುಕ್ ತುರ್ಕರ ಎದುರು ಸೋತ ಬೈಜಾಂಟೈನ್ ಸಾಮ್ರಾಜ್ಯ, ಅಂದರೆ ಪೂರ್ವದ ಕ್ರೈಸ್ತ ಸಾಮ್ರಾಜ್ಯ, ಏಷ್ಯಾ ಮೈನರಿನ (ಇವತ್ತಿನ ತುರ್ಕಿಯ) ಬಹುಭಾಗ ಕಳೆದುಕೊಂಡಿತ್ತು. ಚಕ್ರವರ್ತಿ ಅಲೆಕ್ಸಿಯಸ್ 1095ರ ಮಾರ್ಚಿನಲ್ಲಿ ದೂತರನ್ನು ಕಳಿಸಿ ಸೈನಿಕ ಸಹಾಯ ಬೇಡಿದ. ಅವನಿಗೆ ಬೇಕಿದ್ದದ್ದು ಒಂದಷ್ಟು ಬಾಡಿಗೆ ಸೈನಿಕರು. ಬಂದದ್ದು ಒಂದು ಜನಸಾಗರ. ಅಲೆಕ್ಸಿಯಸ್ ಕಷ್ಟದಲ್ಲಿದ್ದಾನೆ ಅಂತ ಹೇಳಿದ್ದರೆ ಅಚಾರ್ಡ್ ತನ್ನ ಹೊಲ ಅಡವಿಡುತ್ತಿರಲಿಲ್ಲ. ಜೆರುಸಲೇಮ್ ಅಂದಾಗ ಇಟ್ಟ. ಯೇಸು ಸತ್ತ ಜಾಗ, ಅವನ ಸಮಾಧಿ ಇರುವ ಊರು. ಈ ಒಂದು ಹೆಸರಿನ ಬಲ ಪೋಪ್‌ಗೆ ಚೆನ್ನಾಗಿ ಗೊತ್ತಿತ್ತು.

ಹೊರಟವರು ಯೋಧರು ಮಾತ್ರ ಅಲ್ಲ. ಬಡವರು, ಮುದುಕರು, ಹೆಂಗಸರು, ಮಕ್ಕಳು ಕೂಡ. ಮುದುಕರು, ಕೈಲಾಗದವರು ಬರಬೇಡಿ ಅಂತ ಪೋಪ್ ಹೇಳಿದನಂತೆ. ಹೊಸದಾಗಿ ಮದುವೆಯಾದವರು ಹೆಂಡತಿಯ ಒಪ್ಪಿಗೆ ಇಲ್ಲದೆ ಹೋಗಬೇಡಿ ಅಂದ. ಯಾರು ಕೇಳುತ್ತಾರೆ? ಗಿಬರ್ಟ್ ಬರೆದ ಒಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಬಡ ರೈತರು ಎತ್ತುಗಳಿಗೆ ಕುದುರೆಗಳ ಹಾಗೆ ಲಾಳ ಹೊಡೆಸಿ, ಎರಡು ಗಾಲಿಯ ಗಾಡಿಗೆ ಕಟ್ಟಿ, ಇದ್ದ ನಾಲ್ಕು ಸಾಮಾನು ಮತ್ತು ಸಣ್ಣ ಮಕ್ಕಳನ್ನು ಮೇಲೆ ಕೂರಿಸಿಕೊಂಡು ಹೊರಟಿದ್ದರು. ದಾರಿಯಲ್ಲಿ ಯಾವುದಾದರೂ ಕೋಟೆಯೋ ಪಟ್ಟಣವೋ ಕಂಡರೆ ಸಾಕು, ಆ ಮಕ್ಕಳು ಕೇಳುತ್ತಿದ್ದವಂತೆ: ಇದೇನಾ ಜೆರುಸಲೇಮ್?

ಈ ಬಡವರ ಗುಂಪುಗಳಲ್ಲಿ ಹೆಚ್ಚಿನವರು ಜೆರುಸಲೇಮನ್ನು ಕಣ್ಣಿಂದ ನೋಡಲಿಲ್ಲ. ಪೀಟರ್ ಎಂಬ ವೈರಾಗಿಯ ಹಿಂದೆ ಹೋದವರನ್ನು 1096ರ ಅಕ್ಟೋಬರಿನಲ್ಲಿ ತುರ್ಕರು ಏಷ್ಯಾ ಮೈನರಿನಲ್ಲಿ ಕತ್ತರಿಸಿ ಹಾಕಿದರು.

ಭಯ, ಭಕ್ತಿ ಎರಡರ ಜೊತೆಗೆ ಇನ್ನೊಂದು ಇತ್ತು, ಸೇಡು. ಅಂದಿನ ಯೋಧನಿಗೆ ಗೊತ್ತಿದ್ದ ಧರ್ಮ ಅಂದರೆ ಒಡೆಯನ ಆಸ್ತಿ ಯಾರಾದರೂ ಕಿತ್ತುಕೊಂಡರೆ ಬಂಟ ಹೋಗಿ ಬಿಡಿಸಬೇಕು. ಯೇಸು ಎಲ್ಲರಿಗಿಂತ ದೊಡ್ಡ ಒಡೆಯ, ಅವನ ಊರು ಬೇರೆಯವರ ಕೈಲಿದೆ. ಹೀಗೆ ಹೇಳಿದರೆ ಓದುಬರಹ ಇಲ್ಲದವನಿಗೂ ತಕ್ಷಣ ತಲೆಗೆ ಹೋಗುತ್ತದೆ. ಆದರೆ ಸೇಡಿಗೆ ಒಮ್ಮೆ ದಾರಿ ಬಿಟ್ಟರೆ ಅದು ಹೇಳಿದ ಕಡೆಗೇ ಹೋಗುವುದಿಲ್ಲ. 1096ರ ಮೇ ತಿಂಗಳಲ್ಲಿ ರೈನ್ ನದಿಯ ದಂಡೆಯ ಸ್ಪೈಯರ್, ವರ್ಮ್ಸ್, ಮೈಂಜ್ ಪಟ್ಟಣಗಳಲ್ಲಿ ಈ ಗುಂಪುಗಳು ಯಹೂದಿಗಳ ಮೇಲೆ ಬಿದ್ದವು. ಯೇಸುವಿನ ವೈರಿಗಳನ್ನು ಹುಡುಕಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲೇ ಇದ್ದಾರಲ್ಲ ಅನ್ನೋದು ಅವರ ಮಾತು. ಸ್ಪೈಯರಿನ ಬಿಷಪ್ ತನ್ನ ಊರಿನ ಯಹೂದಿಗಳಲ್ಲಿ ಬಹುಪಾಲು ಜನರನ್ನು ಉಳಿಸಿದ. ವರ್ಮ್ಸ್ ಮತ್ತು ಮೈಂಜ್‌ನಲ್ಲಿ ಬಿಷಪ್ಪರ ಅರಮನೆಯಲ್ಲಿ ಆಸರೆ ಪಡೆದವರೂ ಉಳಿಯಲಿಲ್ಲ. ಬಲವಂತದ ಮತಾಂತರಕ್ಕಿಂತ ಸಾವೇ ಮೇಲು ಅಂತ ತಂದೆ ತಾಯಂದಿರು ತಮ್ಮ ಮಕ್ಕಳನ್ನು ತಾವೇ ಕೊಂದುಕೊಂಡ ವಿವರ ಅಂದಿನ ಹೀಬ್ರೂ ಬರಹಗಳಲ್ಲಿದೆ. ಅದನ್ನು ಓದುವುದು ಬಹಳ ಕಷ್ಟ. ಆದರೆ ಓದದೆ ಕ್ರುಸೇಡ್ ಅರ್ಥವಾಗುವುದಿಲ್ಲ.

ಹಾಗಂತ ಹಣದ ಆಸೆ ಯಾರಿಗೂ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದಂಡಿನ ನಾಯಕರಲ್ಲಿ ಒಬ್ಬನಾದ ಬೊಹೆಮಂಡ್ ದಾರಿಯಲ್ಲಿದ್ದ ಅಂಟಿಯೋಕ್ ನಗರ ಗೆದ್ದ ಮೇಲೆ ಅಲ್ಲೇ ಕೂತುಬಿಟ್ಟ, ಇನ್ನೊಬ್ಬ ನಾಯಕ ಬಾಲ್ಡ್ವಿನ್ ಎಡೆಸ್ಸಾ ಪಟ್ಟಣ ಹಿಡಿದ. ಸಾಧಾರಣ ಯೋಧನಿಗೂ ಲೂಟಿ ಬೇಕೇ ಬೇಕಿತ್ತು, ಯಾಕಂದರೆ ಲೂಟಿ ಸಿಗದಿದ್ದರೆ ಆ ದಿನ ಊಟ ಇಲ್ಲ. ಆದರೆ ನಾವು ಇವತ್ತು ಭಕ್ತಿ ಬೇರೆ, ಲಾಭ ಬೇರೆ ಅಂತ ಗೆರೆ ಎಳೆಯುತ್ತೀವಲ್ಲ, ಆ ಗೆರೆ ಅವರ ತಲೆಯಲ್ಲಿ ಇರಲಿಲ್ಲ. ಬ್ಲುವಾದ ಸ್ಟೀಫನ್ 1098ರ ಮಾರ್ಚಿನಲ್ಲಿ ಅಂಟಿಯೋಕ್ ಮುತ್ತಿಗೆಯ ನಡುವೆ ಹೆಂಡತಿ ಅಡೆಲಾಗೆ ಬರೆದ ಕಾಗದ ಉಳಿದಿದೆ. ನಾನು ಹೊರಡುವಾಗ ನೀನು ಕೊಟ್ಟದ್ದರ ಎರಡರಷ್ಟು ಚಿನ್ನ ಬೆಳ್ಳಿ ಈಗ ನನ್ನ ಹತ್ತಿರ ಇದೆ ಅಂತ ಅದರಲ್ಲಿ ಹೇಳುತ್ತಾನೆ. ಅದೇ ಕಾಗದದಲ್ಲಿ ದೇವರ ಸಹಾಯದಿಂದ ಗೆದ್ದೆವು ಅಂತಲೂ ಹೇಳುತ್ತಾನೆ, ಸತ್ತ ಗೆಳೆಯರ ಆತ್ಮಗಳು ಸ್ವರ್ಗ ಸೇರಿದವು ಅಂತಲೂ ಹೇಳುತ್ತಾನೆ, ಜಮೀನು ಮಕ್ಕಳನ್ನು ಚೆನ್ನಾಗಿ ನೋಡಿಕೋ, ಆದಷ್ಟು ಬೇಗ ಬರುತ್ತೀನಿ ಅಂತಲೂ ಹೇಳುತ್ತಾನೆ. ಇದರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ. ಗೆಲುವು, ಸಂಪತ್ತು ಎರಡೂ ದೇವರು ಮೆಚ್ಚಿದ್ದಾನೆ ಅನ್ನೋದಕ್ಕೆ ಗುರುತು ಅಂತ ಅವನು ನಂಬಿದ್ದ.

ಎರಡೇ ತಿಂಗಳಿಗೆ ಅದೇ ಸ್ಟೀಫನ್ ಎದೆಗೆಟ್ಟು ಓಡಿಹೋದ. ನಗರ ಕೈಗೆ ಬರುವ ಒಂದು ದಿನದ ಮುಂಚೆ. ಮನೆಗೆ ಬಂದವನಿಗೆ ಮುಖ ಎತ್ತಿ ತಿರುಗುವ ಹಾಗಿರಲಿಲ್ಲ. ಅಡೆಲಾ ಇಂಗ್ಲೆಂಡ್ ಗೆದ್ದ ವಿಲಿಯಂನ ಮಗಳು, ಮತ್ತೆ ಹೋಗಿ ಹರಕೆ ತೀರಿಸು ಅಂತ ಬೆನ್ನು ಬಿಡಲಿಲ್ಲ. ಅವನು ಹೋದ. 1102ರಲ್ಲಿ ಜೆರುಸಲೇಮಿನ ಹತ್ತಿರದ ರಾಮ್ಲಾದಲ್ಲಿ ಸತ್ತ. ಕುಟುಂಬದ ಮಾನ ಅನ್ನೋದು ಎಷ್ಟು ಜನರನ್ನು ಆ ದಾರಿಗೆ ನೂಕಿತು ಅನ್ನೋದಕ್ಕೆ ಇದೊಂದೇ ಸಾಕು. ಕೆಲವು ಮನೆತನಗಳಲ್ಲಿ ಅಣ್ಣತಮ್ಮಂದಿರು, ಅಳಿಯಂದಿರು, ಸೋದರಳಿಯರು ಒಟ್ಟೊಟ್ಟಿಗೆ ಹೊರಟರು. ಒಬ್ಬ ಹೋಗಿ ಬಂದ ಮನೆಯಿಂದ ಮುಂದಿನ ತಲೆಮಾರಿನವರೂ ಹೋಗುವುದು ರೂಢಿಯೇ ಆಯಿತು.

ದಾರಿಯ ಕಷ್ಟ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಏಷ್ಯಾ ಮೈನರಿನ ಬಿಸಿಲಿನಲ್ಲಿ ಕುದುರೆಗಳು ಸತ್ತು, ಯೋಧರು ಎತ್ತಿನ ಮೇಲೆ ಕೂತು ಸಾಗಿದರು. ಆಡು, ಕುರಿ, ನಾಯಿಗಳ ಬೆನ್ನಿಗೆ ಹೊರೆ ಕಟ್ಟಿದರು. ಕೊನೆಗೆ 1099ರ ಜೂನ್ 7ರಂದು ಜೆರುಸಲೇಮಿನ ಗೋಡೆ ಮುಟ್ಟಿದಾಗ ಹೊರಟವರಲ್ಲಿ ಸ್ವಲ್ಪ ಭಾಗ ಮಾತ್ರ ಉಳಿದಿತ್ತು. ಅಷ್ಟು ಹೊತ್ತಿಗೆ ಊರು ತುರ್ಕರ ಕೈಲಿ ಇರಲೂ ಇಲ್ಲ, ತುರ್ಕರ ವೈರಿಗಳಾದ ಈಜಿಪ್ಟಿನ ಫಾತಿಮಿ ಮುಸ್ಲಿಂ ಅರಸರು ಹಿಂದಿನ ವರ್ಷವೇ ಅದನ್ನು ಗೆದ್ದುಕೊಂಡಿದ್ದರು. ಬಂದವರಿಗೆ ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ.

ಜುಲೈ 8ರಂದು ಅವರು ಉಪವಾಸ ಮಾಡಿ, ಬರಿಗಾಲಲ್ಲಿ, ಪಾದ್ರಿಗಳ ಹಿಂದೆ ಶಿಲುಬೆ ಹಿಡಿದು ಗೋಡೆಯ ಸುತ್ತ ಮೆರವಣಿಗೆ ಹೋದರು. ಗೋಡೆ ಮೇಲಿನವರು ಅಣಕಿಸುತ್ತಿದ್ದರು. ಒಂದು ವಾರಕ್ಕೆ, ಜುಲೈ 15ರಂದು, ಒಳಗೆ ನುಗ್ಗಿದರು. ಮುಸ್ಲಿಮರನ್ನು, ಯಹೂದಿಗಳನ್ನು ಸಿಕ್ಕಸಿಕ್ಕಲ್ಲಿ ಕೊಂದರು. ಅದಾದ ಮೇಲೆ ಸಂತೋಷ ತಡೆಯಲಾರದೆ ಅಳುತ್ತಾ ಯೇಸುವಿನ ಸಮಾಧಿಯ ಹತ್ತಿರ ಹೋಗಿ ಪ್ರಾರ್ಥನೆ ಮಾಡಿದರು, ಹರಕೆ ತೀರಿಸಿದರು. ಡಿಸೆಂಬರಿನಲ್ಲಿ ಫುಲ್ಕರ್ ಆ ಊರಿಗೆ ಬಂದಾಗಲೂ ಗೋಡೆಯ ಸುತ್ತ ಹೆಣಗಳ ವಾಸನೆ ಹೋಗಿರಲಿಲ್ಲ ಅಂತ ಬರೆಯುತ್ತಾನೆ.

ಆ ಅಳು ನಾಟಕವಾಗಿದ್ದರೆ ಅವರನ್ನು ಅರ್ಥ ಮಾಡಿಕೊಳ್ಳೋದು ಎಷ್ಟೋ ಸುಲಭ ಇತ್ತು. ಆದರೆ ಅದು ನಿಜವಾದ ಅಳು. ಕೊಂದದ್ದೂ ಅತ್ತದ್ದೂ ಅವರಿಗೆ ಒಂದೇ ಪೂಜೆಯ ಎರಡು ಭಾಗ. ನನಗೆ ಈ ಇಡೀ ಇತಿಹಾಸದಲ್ಲಿ ಜಾಸ್ತಿ ಭಯ ಹುಟ್ಟಿಸುವುದು ಇದೇ.

ಮುಂದಿನ ಕ್ರುಸೇಡ್‌ಗಳಲ್ಲಿ ಈ ವ್ಯವಸ್ಥೆ ಇನ್ನೂ ಗಟ್ಟಿಯಾಯಿತು. ಹೋದವನ ಆಸ್ತಿಗೆ ಚರ್ಚಿನ ರಕ್ಷಣೆ, ಸಾಲದ ಬಡ್ಡಿಗೆ ವಿನಾಯಿತಿ, ಎಲ್ಲಾ ಲಿಖಿತವಾಗಿ ಬಂತು. 1146ರಲ್ಲಿ ಕ್ಲೇರ್ವೋದ ಬರ್ನಾರ್ಡ್ ಎಂಬ ಮಠಾಧಿಪತಿ ಬರೆದ ಒಂದು ಪತ್ರ ವ್ಯಾಪಾರಿಗಳ ಮಾತಿನಲ್ಲೇ ಇದೆ: ನೀನು ಜಾಣ ವ್ಯಾಪಾರಿಯಾಗಿದ್ದರೆ ಈ ಸಂತೆ ತಪ್ಪಿಸಿಕೊಳ್ಳಬೇಡ, ಈ ಶಿಲುಬೆಯ ಬಟ್ಟೆಗೆ ಬೆಲೆ ಸ್ವಲ್ಪ, ಬರುವ ಫಲ ದೇವರ ರಾಜ್ಯ. ಅದೇ ವರ್ಷ ಈಸ್ಟರ್ ದಿನ ವೆಜಲೆ ಊರಿನಲ್ಲಿ ಅವನ ಮಾತು ಕೇಳಿದ ಜನ ಎಷ್ಟು ಮುಗಿಬಿದ್ದರೆಂದರೆ, ಮುಂಚೆಯೇ ಮಾಡಿಟ್ಟಿದ್ದ ಶಿಲುಬೆಗಳು ಖಾಲಿಯಾಗಿ, ಅವನು ತನ್ನ ಬಟ್ಟೆಯನ್ನೇ ಹರಿದು ಶಿಲುಬೆ ಮಾಡಿ ಹಂಚಿದನಂತೆ.

ಅಚಾರ್ಡ್ ಏನಾದ ಅಂತ ಹೇಳದೆ ಬಿಟ್ಟಿದ್ದೆ. ಅವನು ಮೂರು ವರ್ಷ ಬದುಕಿದ. ಏಷ್ಯಾ ಮೈನರ್ ದಾಟಿದ, ಅಂಟಿಯೋಕ್ ದಾಟಿದ, ಜೆರುಸಲೇಮಿನ ಗೋಡೆಯವರೆಗೂ ಬಂದ. 1099ರ ಜೂನ್ ಮಧ್ಯದಲ್ಲಿ ಜಾಫಾ ಬಂದರಿಗೆ ಜಿನೋವಾದ ಹಡಗುಗಳು ಸಾಮಾನು ತಂದಿವೆ ಅಂತ ಸುದ್ದಿ ಬಂತು. ಅವನ್ನು ಕಾಯಲು ಕುದುರೆ ಯೋಧರ ಒಂದು ತುಕಡಿ ಹೊರಟಿತು, ಅದರಲ್ಲಿ ಅವನೂ ಇದ್ದ. ದಾರಿಯಲ್ಲಿ ದೊಡ್ಡ ಶತ್ರು ಪಡೆ ಎದುರಾಯಿತು. ಅಚಾರ್ಡ್ ಅಲ್ಲೇ ಸತ್ತ, ಜೆರುಸಲೇಮಿನ ಬಾಗಿಲು ತೆರೆಯಲು ಇನ್ನೂ ಒಂದು ತಿಂಗಳು ಇತ್ತು. ಪತ್ರದ ಷರತ್ತಿನ ಪ್ರಕಾರ ಅವನ ಹೊಲ ಕ್ಲೂನಿ ಮಠಕ್ಕೆ ಸೇರಬೇಕಾಯಿತು.